ನಲವತ್ತೊಂದನೇ ನಂಬರಿನ ಕೋವಿ

ಫೆಬ್ರವರಿ 8, ಭಾನುವಾರ, ಸಂಜೆ 7.40. ಅಳಿವೆಬಾಗಿಲು ಪೊಲೀಸ್ ಠಾಣೆಗೆ ದೂರು ಕೊಡಲು ಬಂದವನ ಅಂಗಿಯ ತೋಳು ಮಸಿಯಾಗಿತ್ತು, ಕಣ್ಣು ಹೊಗೆ ಕುಡಿದು ಕೆಂಪಾಗಿತ್ತು. ಹೆಸರು ರತನ್. ಸಿನಿಮಾ ಕಂಪನಿಯೊಂದರ ಮ್ಯಾನೇಜರ್. ಊರು ಬೆಂಗಳೂರು, ಸದ್ಯಕ್ಕೆ ಬೈಂದೂರಿನ ಲಾಡ್ಜಿನಲ್ಲಿ ವಾಸ.

"ಕೋಡಿಯಲ್ಲಿ ನಮ್ಮ ಸೆಟ್ಟಿಗೆ ಯಾರೋ ಬೆಂಕಿ ಹಾಕಿದ್ದಾರೆ, ಮೇಡಂ. ಪೊಲೀಸ್ ಸ್ಟೇಷನ್ ಸೆಟ್. ಒಂದು ಕಡೆಯ ಗೋಡೆ ಬಿಟ್ಟರೆ ಏನೂ ಉಳಿದಿಲ್ಲ."

"ಪೊಲೀಸ್ ಸ್ಟೇಷನ್‌ಗ್ ಬೆಂಕಿ ಬಿದ್ದಿತ್ ಅಂದೇಳಿ ಪೊಲೀಸ್ ಸ್ಟೇಷನ್‌ಗೇ ಕಂಪ್ಲೇಂಟ್," ಎಂದು ಹೆಡ್ ಕಾನ್ಸ್‌ಟೇಬಲ್ ರತೀಶ್ ಗೊಣಗಿದ. "ಇನ್ನೆಂತೆಂತ ಕಾಣ್ಕೊ ಮಾರಾಯ್ರೆ."

ಇನ್ಸ್‌ಪೆಕ್ಟರ್ ವಿನಯಾ ಅವನನ್ನು ಒಮ್ಮೆ ನೋಡಿದರು. ಅವನು ಕಂಪ್ಯೂಟರಿನತ್ತ ತಿರುಗಿದ.

ವಿನಯಾ ದಾವಣಗೆರೆ ಕಡೆಯವರು. ಈ ಠಾಣೆಗೆ ಬಂದು ಒಂದು ವರ್ಷವಾಗಿತ್ತು. ಬೀಗ ಹಾಕಿದ ಮೇಲೂ ಎರಡು ಸಲ ಎಳೆದು ನೋಡುವ ಸ್ವಭಾವ. ದೂರು ಬರೆಸಿಕೊಳ್ಳುವಾಗಲೂ ಹಾಗೆಯೇ. ಕೇಳಿದ್ದನ್ನೇ ಇನ್ನೊಮ್ಮೆ ಕೇಳಿದರು.

ವಿಷಯ ಇಷ್ಟು. ಎರಡು ವರ್ಷದ ಹಿಂದೆ ನಿವೃತ್ತರಾದ ಪೊಲೀಸ್ ಮಹಾನಿರ್ದೇಶಕ ಇಂದ್ರಸೇನ ರಾವ್ ಅವರ ಜೀವನವೇ ಸಿನಿಮಾದ ಕತೆ. ರಾಜ್ಯದ ಇಡೀ ಪೊಲೀಸ್ ಪಡೆಯನ್ನು ಬೆರಳ ತುದಿಯಲ್ಲಿ ಆಡಿಸಿದ ಆ ಮನುಷ್ಯ 1992ರಲ್ಲಿ ಎಎಸ್‌ಪಿಯಾಗಿ ಕೆಲಸ ಕಲಿತದ್ದು ಇಲ್ಲಿ. ಆ ಕಾಲದ ಠಾಣೆಯನ್ನು ಪ್ಲೈವುಡ್, ಬಿದಿರು, ಹಳೆಯ ಹಂಚಿನಲ್ಲಿ, ಹೊಳೆ ಕಡಲಿಗೆ ಸೇರುವ ಅಳಿವೆಯ ಪಕ್ಕದ ಖಾಲಿ ಜಾಗದಲ್ಲಿ ಕಟ್ಟಿದ್ದರು. ಭಾನುವಾರ ಶೂಟಿಂಗಿಗೆ ರಜೆ. ಸಂಜೆ 6.50ಕ್ಕೆ ಮೀನುಗಾರರು ಹೊಗೆ ಕಂಡು ಫೋನ್ ಮಾಡಿದ್ದರು.

"ಗುರುವಾರ ಮುಖ್ಯ ದೃಶ್ಯ ತೆಗೆಯಬೇಕು, ಮೇಡಂ. ರಾವ್ ಸಾಹೇಬರೂ ನೋಡೋಕೆ ಬರ್ತಾರೆ. ಶುಕ್ರವಾರ ಹೀರೋ ಬೇರೆ ಪಿಕ್ಚರಿಗೆ ಹೋಗ್ತಾರೆ, ಇನ್ನು ಒಂದು ವರ್ಷ ಡೇಟ್ ಇಲ್ಲ. ಗುರುವಾರ ತಪ್ಪಿದರೆ ಆ ದೃಶ್ಯವೇ ಇಲ್ಲ."

"ವಿಧಿವಿಜ್ಞಾನ ತಂಡ ಬರಬೇಕು. ತನಿಖೆ ಒಂದು ಹಂತಕ್ಕೆ ಬರೋ ತನಕ ಆ ಜಾಗ ನಿಮಗೆ ಬಿಡೋಕಾಗಲ್ಲ. ಯಾರ ಮೇಲಾದ್ರೂ ಅನುಮಾನ ಐತೇನು?"

ರತನ್ ರತೀಶನತ್ತ ಒಮ್ಮೆ ನೋಡಿದ. "ಬಂದೋಬಸ್ತಿಗೆ ನಿಮ್ಮದೇ ಲೇಡಿ ಕಾನ್ಸ್‌ಟೇಬಲ್ ಇದ್ದರು. ಬೆಂಕಿ ಬಿದ್ದಾಗ ಅವರು ಅಲ್ಲಿರಲಿಲ್ಲ."

ರತೀಶನ ಬೆರಳು ಕೀಲಿಮಣೆಯ ಮೇಲೆ ನಿಂತುಬಿಟ್ಟಿತು. ಎಫ್‌ಐಆರ್ ದಾಖಲಾಗಿ, ರತನ್ ಪ್ರತಿ ತೆಗೆದುಕೊಂಡು ಹೋಗುವವರೆಗೂ ಅವನು ತಮಾಷೆಯ ಮಾತಾಡಲಿಲ್ಲ.

"ಯಾಕ್ರೀ ಸುಮ್ಮನಾದ್ರಿ?" ವಿನಯಾ ಕೇಳಿದರು.

"ಅಲ್ಲ್ ಡ್ಯೂಟಿಗ್ ಇದ್ದದ್ದ್ ಚೇತನಾ, ಮೇಡಂ. ಅದ್ ಸೂರನ ಮಗಳ್."

"ಯಾವ ಸೂರ?"

"ಸಿನಿಮಾದಲ್ಲ್ ಬಪ್ಪ ಕಳ್ಳ," ಎಂದ ರತೀಶ್.

*

ಅವನು ಹೇಳಿದ್ದು: 1992ರ ಆಗಸ್ಟಿನಲ್ಲಿ, ಬೆಳ್ಳಿ ಗಟ್ಟಿ ಸಾಗಿಸುವ ದೋಣಿಯನ್ನು ಹಿಡಿಯಲು ಎಎಸ್‌ಪಿ ರಾವ್ ನಾಲ್ವರು ಕಾನ್ಸ್‌ಟೇಬಲ್‌ಗಳ ಜೊತೆ ಅಳಿವೆಗೆ ಇಳಿದಿದ್ದರು. ದೋಣಿ ಮಗುಚಿತು. ಕಾನ್ಸ್‌ಟೇಬಲ್ ಸೂರ ಮೊಗವೀರ ನೀರುಪಾಲಾದ. ಇಲಾಖೆ ಅದನ್ನು ಅಪಘಾತ ಎಂದು ಬರೆದು ಮುಗಿಸಿತು. ಹೆಂಡತಿ ಬಾಗಿ ಆಗ ಬಸುರಿ, ಹುಟ್ಟಿದ್ದು ಚೇತನಾ. ಈಗ ಸಿನಿಮಾದ ಕತೆಯಲ್ಲಿ ಸೂರ ಕಳ್ಳಸಾಗಣೆಯವರ ಮನುಷ್ಯ. ಎಎಸ್‌ಪಿಯನ್ನು ಕೊಲ್ಲಲು ತಾನೇ ದೋಣಿ ಮಗುಚುತ್ತಾನೆ. ಎಎಸ್‌ಪಿ ಒಬ್ಬರೇ ಈಜಿ ದಡ ಸೇರುತ್ತಾರೆ. ಹೆಸರನ್ನು ಕೂಡ ಬದಲಿಸಿರಲಿಲ್ಲ. ಗುರುವಾರ ತೆಗೆಯಬೇಕಾದ ಮುಖ್ಯ ದೃಶ್ಯ ಅದೇ.

"ಇದು ನಿಮಗೆ ಗೊತ್ತಿತ್ತು. ಆದ್ರೂ ಅವಳನ್ನೇ ಅಲ್ಲಿಗೆ ಡ್ಯೂಟಿಗೆ ಹಾಕಿದ್ವಾ?"

"ಡ್ಯೂಟಿ ಹಾಕದ್ದ್ ನೀವೇ ಅಲ್ದಾ ಮೇಡಂ."

ಅದು ನಿಜವಾಗಿತ್ತು.

ಸೋಮವಾರ ಬೆಳಿಗ್ಗೆ 7.30ಕ್ಕೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ರತೀಶ್ ಮೊಬೈಲಿನಲ್ಲಿ ವಿಡಿಯೋ ತೆಗೆದ. ಸುಟ್ಟ ಬಿದಿರು, ಒಡೆದ ಹಂಚು, ಅರ್ಧ ಉರಿದ ‘ಪೊಲೀಸ್ ಠಾಣೆ’ ಎಂಬ ಬೋರ್ಡು. ಬಣ್ಣದವರು ಬಳಸುವ ಥಿನ್ನರಿನ ಡಬ್ಬ ಬಾಗಿಲ ಬಳಿ ಬಿದ್ದಿತ್ತು. ಬೂದಿಯ ಮಾದರಿಯನ್ನು ಬಾಟಲಿಗೆ ತುಂಬಿ ಅರಗು ಹಾಕಿದರು.

ಇಷ್ಟರವರೆಗೆ ಎಲ್ಲವೂ ಬೆಂಕಿ ಪ್ರಕರಣಗಳಲ್ಲಿ ಕಾಣುವಂಥದ್ದೇ. ವಿನಯಾ ನಿಂತದ್ದು ತೆಂಗಿನ ಮರದ ಬುಡದಲ್ಲಿ.

ಅಲ್ಲಿ ಒಂದು ಗೋಣಿಚೀಲ ಹಾಸಿತ್ತು. ಅದರ ಮೇಲೆ ನಾಲ್ಕು ಕೋವಿಗಳು. ಹತ್ತಿರ ಹೋದರೆ ಮರದವು. ನಳಿಗೆಯೂ ಮರವೇ, ಕಪ್ಪು ಬಣ್ಣ ಬಳಿದದ್ದು. ನಾಲ್ಕರ ಬಾಯೂ ಒಂದೇ ಕಡೆಗೆ, ಹಿಡಿಗಳು ಒಂದೇ ಗೆರೆಯಲ್ಲಿ, ನಡುವೆ ಒಂದೊಂದು ಗೇಣು ಜಾಗ.

"ಬೆಂಕಿ ಆರಿಸೋಕೆ ಬಂದವರು ಹೊರಗೆ ತಂದಿಟ್ಟಿರಬಹುದಾ?" ವಿನಯಾ ಕೇಳಿದರು.

"ಇಲ್ಲ ಮೇಡಂ," ಎಂದಳು ಕಲಾ ನಿರ್ದೇಶಕಿ ಅಮಿತಾ. ಸೆಟ್ ಕಟ್ಟಿಸಿದವಳು ಅವಳೇ. ರಾತ್ರಿಯಿಡೀ ಅತ್ತ ಹಾಗಿತ್ತು. "ನಾವು ಬರೋವಾಗಲೇ ಇದ್ದವು. ಒಳಗೆ ನಿಜವಾದ ಹಳೇ ಟೈಪ್‌ರೈಟರ್ ಇತ್ತು, ವೈರ್‌ಲೆಸ್ ಸೆಟ್ ಇತ್ತು. ಅದನ್ನೆಲ್ಲ ಬಿಟ್ಟು ಈ ಮರದ ತುಂಡುಗಳನ್ನ ಉಳಿಸಿದ್ದಾರೆ. ಒಟ್ಟು ಐದಿದ್ದವು. ಒಂದು ಇಲ್ಲ."

"ಸುಟ್ಟಿರಬಹುದು."

"ಐದೂ ಒಂದೇ ಸ್ಟ್ಯಾಂಡಿನಲ್ಲಿ ಇದ್ದವು, ಮೇಡಂ."

ಬೆಂಕಿ ಹಚ್ಚಲು ಬಂದವನಿಗೆ ಗೋಣಿಚೀಲ ಹುಡುಕಿ ಹಾಸುವ ವ್ಯವಧಾನ ಎಲ್ಲಿಂದ ಬಂತು? ಕೋವಿಗೆ ಮರಳು ತಾಗಬಾರದು ಎಂದು ಯೋಚಿಸುವವರು ಯಾರು? ವಿನಯಾ ಪಂಚನಾಮೆಯಲ್ಲಿ ಈ ಸಾಲನ್ನು ಬರೆಸಿದರು. ಕೋವಿಯನ್ನು ಹೀಗೆ ಇಡುವುದನ್ನು ಪೊಲೀಸ್ ತರಬೇತಿಯಲ್ಲಿ ಮೊದಲ ವಾರವೇ ಕಲಿಸುತ್ತಾರೆ.

*

ಚೇತನಾಳ ಹೇಳಿಕೆ, ಸೋಮವಾರ 11.15.

"ಎಷ್ಟು ಹೊತ್ತಿಗೆ ಜಾಗ ಬಿಟ್ಟೆ?"

"ಆರ್ ಹತ್ತಕ್ಕೆ ಮೇಡಂ."

"ನಿನ್ನ ಜಾಗಕ್ಕೆ ಬರಬೇಕಾದ ಹೋಮ್‌ಗಾರ್ಡ್ ಬಂದಿದ್ದು ಏಳಕ್ಕೆ. ಬದಲಿ ಬರೋ ಮುಂಚೆ ಯಾಕೆ ಹೋದೆ?"

"ಅಮ್ಮಂಗ್ ಹುಷಾರಿರ್ಲಿಲ್ಲ."

"ಅಲ್ಲಿ ಬೇರೆ ಯಾರಾದ್ರೂ ಇದ್ರಾ?"

"ಇಲ್ಲೆ."

ಕೊನೆಯ ಉತ್ತರ ಬೇಗ ಬಂತು. ಉಳಿದ ಉತ್ತರಗಳಿಗಿಂತ ಬೇಗ. ವಿನಯಾ ಅದನ್ನು ಗಮನಿಸಿದರು. ಗಮನಿಸಿದ್ದು ಸರಿಯೋ, ತಾನೇ ಕಲ್ಪಿಸಿಕೊಂಡೆನೋ ಎಂದು ಸಂಶಯವೂ ಪಟ್ಟರು.

ಮಧ್ಯಾಹ್ನ ಒಂದು ಗಂಟೆಗೆ ಅವರ ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

"ಇಂದ್ರಸೇನ ರಾವ್ ಮಾತಾಡ್ತಿದ್ದೇನೆ."

ವಿನಯಾ ತಮಗರಿವಿಲ್ಲದೆ ಎದ್ದು ನಿಂತರು.

"ಕುಳಿತುಕೊಳ್ಳಮ್ಮ," ಎಂದಿತು ಧ್ವನಿ, ಕಂಡವರ ಹಾಗೆ. "ನಾನು ಈಗ ಯಾರೂ ಅಲ್ಲ, ಪಿಂಚಣಿದಾರ. ಸುಮ್ಮನೆ ಕೇಳಿದೆ. ಸೂರನ ಮಗಳು ಅಲ್ಲೇ ಕೆಲಸದಲ್ಲಿದ್ದಾಳಂತೆ?"

"ಹೌದು ಸರ್. ಆದರೆ ಈವರೆಗೆ..."

"ಪಾಪ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅಪ್ಪ ಮಾಡಿದ್ದಕ್ಕೆ ಮಗಳೇನು ಮಾಡುತ್ತಾಳೆ? ಆದರೆ ಕಾನೂನು ಕಾನೂನೇ. ಬುಧವಾರದೊಳಗೆ ಮುಗಿಸು. ನಿನ್ನ ಡಿವೈಎಸ್‌ಪಿ ಜೊತೆಗೂ ಮಾತಾಡಿದ್ದೇನೆ."

ಅವರು ಮಾತಾಡಿದ್ದು ನಿಜ. ಸಂಜೆ ಡಿವೈಎಸ್‌ಪಿ ಫೋನ್ ಮಾಡಿ, ಚೇತನಾಳ ಅಮಾನತಿಗೆ ವರದಿ ಕಳಿಸಲು ಹೇಳಿದರು. ಬುಧವಾರ ಸಂಜೆ ಆದೇಶಕ್ಕೆ ಸಹಿ ಬೀಳುತ್ತದೆ. ಅಷ್ಟರೊಳಗೆ ಬೇರೆ ಆರೋಪಿ ಸಿಕ್ಕರೆ ಸರಿ, ಇಲ್ಲದಿದ್ದರೆ ಆರೋಪಿ ಅವಳೇ.

*

ಮಂಗಳವಾರ ಬೆಳಿಗ್ಗೆ ವಿನಯಾ ಕೋಡಿಗೆ ಹೋಗಿ ಬಾಗಿಯನ್ನು ಕಂಡರು. ಅರವತ್ತು ದಾಟಿದ ಹೆಂಗಸು, ಅಂಗಳದಲ್ಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದರು. ಕುಳಿತುಕೊಳ್ಳಿ ಎಂದು ಕುರ್ಚಿ ತೋರಿಸಿದರು, ತಾವು ಕೂರಲಿಲ್ಲ.

"ಭಾನುವಾರ ಹುಷಾರಿರಲಿಲ್ಲವಂತೆ?"

"ಯಾರಿಗೆ? ನಂಗಾ?" ಬಾಗಿ ಬುಟ್ಟಿ ಕೊಡವಿದರು. "ನಂಗೆಂತ ಆಯಿತ್, ಕಲ್ಲಿದ್ದಂಗ್ ಇದ್ದೆ. ಸಿನಿಮಾದವ್ರ ಊಟಕ್ ದಿನಾ ಅಂಜಲ್ ಕೊಡ್ತಿಪ್ಪುದ್ ನಾನೇ. ನನ್ನ ಹತ್ರ ಮೀನ್ ತಕಂಡ್, ತಿಂದ್, ಕೈ ತೊಳ್ಕಂಡ್, ನನ್ನ ಗಂಡನ್ನ್ ಕಳ್ಳ ಮಾಡ್ತ್ರ್."

"ಗೊತ್ತಿದ್ದೂ ಯಾಕೆ ಕೊಟ್ರಿ?"

"ಗೊತ್ತಾದ್ ಮೇಲೂ ಕೊಟ್ಟೆ. ಕೊಡ್ದಿದ್ರೆ ಅವ್ರ್ ಉಪಾಸ ಬೀಳ್ತ್ರಾ? ತಲ್ಲೂರಂಗಡಿಗ್ ಹೋಯಿ ತಕಂತ್ರ್." ಬುಟ್ಟಿ ಕವುಚಿಟ್ಟು ಕೇಳಿದರು: "ಹೆಣ್ಣಿನ್ ಕೆಲ್ಸ ಹೋತ್ತಾ, ಮೇಡಂ?"

ವಿನಯಾ "ಇನ್ನೂ ತನಿಖೆ ನಡೀತಿದೆ" ಎಂದರು. ಆ ಮಾತನ್ನು ಹೇಳಿಯೇ ತಲೆ ತಗ್ಗಿಸಿ ಜೀಪು ಹತ್ತಿದರು. ಅಮ್ಮನ ಕಾಯಿಲೆ ಸುಳ್ಳು ಎಂದಾಯಿತು. ಅಂದರೆ ಚೇತನಾ ಏನನ್ನೋ ಮುಚ್ಚಿಡುತ್ತಿದ್ದಾಳೆ. ಪ್ರಕರಣ ತನ್ನಷ್ಟಕ್ಕೆ ತಾನೇ ಕಟ್ಟಿಕೊಳ್ಳುತ್ತಿತ್ತು, ಮತ್ತು ಅದು ವಿನಯಾರಿಗೆ ಬೇಕಿರಲಿಲ್ಲ.

ಠಾಣೆಗೆ ಮರಳಿದಾಗ ಅಂಗಳದಲ್ಲಿ ಜನ ಸೇರಿದ್ದರು. ನಡುವೆ ಬಚ್ಚ ಎಂಬ ಮೀನುಗಾರ, ಸ್ಕೂಟರಿನ ಮುಂದೆ ಲುಂಗಿಯಲ್ಲಿ ಸುತ್ತಿದ ಉದ್ದನೆಯ ಗಂಟು.

"ಹ್ವಾಯ್ ರತೀಶಣ್ಣ, ದೂರ ನಿಲ್ಲಿ! ಲೋಡ್ ಇತ್ತೋ ಎಂತದೋ. ದಡದಲ್ಲ್ ನಿಂತ್ ಕೈರಂಪಣಿ ಬಲೆ ಎಳುವತಿಗೆ ಬಂತ್. ಮೀನ್ ಒಂದ್ ಬುಟ್ಟಿ, ಬಂದೂಕ್ ಒಂದ್."

"ಬಲೆಗ್ ಬಂದೂಕಾ? ಯಾವ್ ದರಕ್ ಕೊಡ್ತೆ?" ರತೀಶ್ ಗಂಟು ಬಿಚ್ಚಿದ. ಬಿಚ್ಚಿ ಬೆರಳಿನಿಂದ ಹೊಡೆದು ನೋಡಿದ. "ಇದ್ ಮರದ್ದ್ ಅಲ್ದನಾ ಮಾರಾಯಾ! ಲೋಡ್ ಅಂಬ್ರ್!"

"ಮರದ್ದಾ? ಅಯ್ಯೋ, ನಾ ಉಸಿರ್ ಬಿಡ್ದೆ ತಕಂಡ್ ಬೈಂದೆ."

ಜನ ನಕ್ಕರು. ವಿನಯಾ ನಗಲಿಲ್ಲ. ಹಿಡಿಯ ತುದಿಯಲ್ಲಿ ಬಿಳಿ ಬಣ್ಣದ ಅಂಕಿ ಉಪ್ಪುನೀರಿನಲ್ಲೂ ಅಳಿಯದೆ ಉಳಿದಿತ್ತು: 41.

ಠಾಣೆಯ ಕೋವಿಗಳಿಗೆ ಒಂದೊಂದು ನಂಬರ್ ಇರುತ್ತದೆ. ಯಾವ ನಂಬರ್ ಯಾರ ಹೆಗಲಿಗೆ ಎಂಬುದು ಇಟ್ಟ ಹೆಸರಿನಷ್ಟೇ ಗಟ್ಟಿ. ವಿನಯಾ ಅಮಿತಾಳಿಗೆ ಫೋನ್ ಮಾಡಿದರು.

"ಈ ನಂಬರುಗಳನ್ನ ನೀವೇ ಬರೆದ್ರಾ?"

"ನಾವು ಒಂದು, ಎರಡು, ಮೂರು ಅಂತ ಬರೆದಿದ್ವಿ. ತಿಮ್ಮಣ್ಣ ಒಪ್ಪಲಿಲ್ಲ. ಆಗಿನ ಸ್ಟೇಷನ್‌ನಲ್ಲಿ ಇದ್ದ ಐದು ನಂಬರನ್ನೂ ಬಾಯಲ್ಲೇ ಹೇಳಿ ತಿದ್ದಿಸಿದರು. ನಲವತ್ತೊಂದು ಯಾರದ್ದು ಅಂತ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ."

ತಿಮ್ಮ ದೇವಾಡಿಗ. ನಿವೃತ್ತ ಎಎಸ್‌ಐ. ನಟರಿಗೆ ಸೆಲ್ಯೂಟು ಹೊಡೆಯಲು, ಲಾಠಿ ಹಿಡಿಯಲು, ಸಾಹೇಬರ ಎದುರು ನಿಲ್ಲಲು ಹೇಳಿಕೊಡಲೆಂದು ಸಿನಿಮಾದವರು ಇಟ್ಟುಕೊಂಡವರು. ಭಾನುವಾರ ಅವರು ಬ್ರಹ್ಮಾವರದಲ್ಲಿ ಮದುವೆಗೆ ಹೋಗಿದ್ದರೆಂದು ರತನ್ ಹೇಳಿದ್ದ. ಹಾಗಾಗಿ ಯಾರೂ ಅವರನ್ನು ಕೇಳಿರಲಿಲ್ಲ.

ವಿನಯಾ ಚೇತನಾಳನ್ನು ಒಳಗೆ ಕರೆದರು. ಬಾಗಿಲು ಹಾಕಲಿಲ್ಲ, ರತೀಶ್ ಸಾಕ್ಷಿಯಾಗಿ ನಿಂತ.

"ನಿನ್ನ ಅಪ್ಪನ ಕೋವಿ ನಂಬರ್ ಎಷ್ಟು?"

ಚೇತನಾ ಗಲಿಬಿಲಿಗೊಂಡಳು. "ನಂಗ್ ಹ್ಯಾಂಗ್ ಗೊತ್ತಾಪುದ್ ಮೇಡಂ? ಅಪ್ಪನ್ ಮುಖ ಕಂಡದ್ದೇ ಫೋಟೋದಲ್ಲ್."

"ಅಮ್ಮನಿಗೆ ಗೊತ್ತಿರಬಹುದಾ?"

"ಅಮ್ಮಂಗ್ ಅಂಕಿ ಓದುಕೇ ಬತ್ತಿಲ್ಲೆ."

ವಿನಯಾ ಮೇಜಿನ ಮೇಲೆ ಮರದ ಕೋವಿ ಇಟ್ಟರು. "ಐದರಲ್ಲಿ ಇದೊಂದನ್ನೇ ಆರಿಸಿ ಹೊಳೆಗೆ ಹಾಕಿದ್ದಾರೆ. ಇದು ಸೂರನದ್ದೇ ಇರಬೇಕು, ಹಾಕಿದವರಿಗೆ ಅದು ಗೊತ್ತು. ನಿನಗೆ ಗೊತ್ತಿಲ್ಲ. ಈಗ ಹೇಳು. ಆರು ಹತ್ತಕ್ಕೆ ನಿನ್ನನ್ನ ಮನೆಗೆ ಕಳಿಸಿದ್ದು ಯಾರು?"

ಚೇತನಾ ಕೋವಿಯನ್ನೇ ನೋಡುತ್ತಿದ್ದಳು. ಮುಟ್ಟಲು ಕೈ ಮುಂದೆ ಮಾಡಿ, ಅದು ವಶಪಡಿಸಿಕೊಂಡ ಮಾಲು ಎಂಬುದು ನೆನಪಾಗಿ ಹಿಂದಕ್ಕೆ ತೆಗೆದಳು.

"ನನ್ನ ಶಾಲಿಗ್ ಸೇರ್ಸದ್ದ್ ತಿಮ್ಮ ಮಾವ, ಮೇಡಂ. ಪೊಲೀಸ್ ಸೆಲೆಕ್ಷನ್‌ಗ್ ದಿನಾ ಬೆಳಿಗ್ಗೆ ಕಡ್ಲ್ ಬದಿಯಲ್ಲ್ ಓಡ್ಸದ್ದೂ ತಿಮ್ಮ ಮಾವ." ಅವಳು ಕೋವಿಯಿಂದ ಕಣ್ಣು ತೆಗೆದಳು. "‘ನೀ ಹೋಗ್ ಮಗಾ, ಬದ್ಲಿಯವ ಬಪ್ಪನಕ ನಾ ನಿಲ್ತೆ’ ಅಂದ್ರ್. ಅಷ್ಟೇ. ಬೆಂಕಿ ವಿಷ್ಯ ನಂಗ್ ಗೊತ್ತಿರ್ಲಿಲ್ಲ."

"ಸೋಮವಾರವೇ ಹೇಳಬಹುದಿತ್ತಲ್ಲಾ. ನಿನ್ನ ಕೆಲಸ ಹೋಗ್ತಿತ್ತು."

"ಹೋಪುದಾದ್ರ್ ಹೋಯ್ಲಿ ಅಂದ್ಕಂಡೆ."

ರತೀಶ್ ಗೋಡೆಯತ್ತ ತಿರುಗಿ ಮೂಗು ಒರೆಸಿಕೊಂಡ.

*

ಬುಧವಾರ, ಫೆಬ್ರವರಿ 11, ಬೆಳಿಗ್ಗೆ 10.20. ಹಂಗಾರಕಟ್ಟೆ.

ತಿಮ್ಮ ದೇವಾಡಿಗರ ಮನೆ ಹೊಳೆಯ ಬದಿಗೆ, ದೋಣಿ ಕಟ್ಟುವ ಶೆಡ್ಡುಗಳ ಹಿಂದೆ. ಬಡಗಿಗಳ ಸುತ್ತಿಗೆಯ ಸದ್ದು ಅಂಗಳದವರೆಗೂ ಕೇಳುತ್ತಿತ್ತು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಜಗುಲಿಯಲ್ಲಿ ಕುಳಿತಿದ್ದರು. ಕಾಲ ಬಳಿ ಒಂದು ಸಣ್ಣ ಚೀಲ: ಟವೆಲ್, ಲುಂಗಿ, ರಕ್ತದೊತ್ತಡದ ಮಾತ್ರೆ. ವಿನಯಾರನ್ನು ಕಂಡು ಎದ್ದು ಸೆಲ್ಯೂಟು ಮಾಡಿದರು. ಕೈ ಅಭ್ಯಾಸಬಲದಿಂದ ಹೋದದ್ದು.

"ಬನ್ನಿ ಮೇಡಂ. ಭಾನುವಾರವೇ ಬತ್ರಿ ಅಂದ್ಕಂಡಿದ್ದೆ. ತಡ ಆಯ್ತ್."

"ತಿಮ್ಮಣ್ಣ, ಎಂತಕ್ ಮಾಡ್ದ್ರಿ ಮಾರಾಯ್ರೆ," ಎಂದ ರತೀಶ್. ಕಾನ್ಸ್‌ಟೇಬಲ್ ಆಗಿದ್ದಾಗ ಐದು ವರ್ಷ ಅವರ ಕೈಕೆಳಗೆ ಇದ್ದವನು ಅವನು.

"ನೀ ಬರ್ಕಂಬುದ್ ಬರ್ಕೊ. ಅಕ್ಷರ ಸಾಪ್ ಇರ್ಲಿ, ಮೊದ್ಲಿನಂಗ್ ಕೋಳಿ ಕಾಲ್ ಬೇಡ."

ವಿನಯಾ ನೇರ ವಿಷಯಕ್ಕೆ ಬಂದರು. "ಬೆಂಕಿ ಹಾಕಿದ್ದು ನೀವೇನಾ?"

"ನಾನೇ."

"ನಾಲ್ಕು ಕೋವಿ ಯಾಕೆ ಹೊರಗಿಟ್ರಿ?"

ತಿಮ್ಮ ಸ್ವಲ್ಪ ನಾಚಿಕೆಪಟ್ಟವರಂತೆ ಕಂಡರು. "ಎಂತ ಹೇಳುದ್... ಮರದ್ದ್ ಅಂದೇಳಿ ತಲಿಗ್ ಗೊತ್ತಿತ್ತ್, ಕೈಗ್ ಗೊತ್ತಿರ್ಲಿಲ್ಲ. ಒಳ್ಗ್ ಕೋವಿ ಇಪ್ಪತಿಗೆ ಬೆಂಕಿ ಹಾಕುಕ್ ಕೈ ಬರ್ಲಿಲ್ಲ."

"ನಲವತ್ತೊಂದು?"

"ಅದ್ ಸೂರಂದ್."

"1992ರಲ್ಲಿ ಏನಾಯ್ತು?"

"ಅಳಿವೆಯಲ್ಲ್ ತೆರೆ ಒಡೀತಿತ್ತ್ ಮೇಡಂ. ಸೂರ ಮೀನ್‌ಗಾರ್ರ್ ಮನಿಯವ, ಅವಂಗ್ ಗೊತ್ತಾತ್ತ್. ‘ಸರ್, ಇವತ್ತ್ ದಾಟುಕ್ ಆತಿಲ್ಲ’ ಅಂದ. ಸಾಹೇಬ್ರ್ ‘ಹೆದರಿಕೆ ಇದ್ದವರು ಇಳೀರಿ’ ಅಂದ್ರ್. ಯಾರ್ ಇಳಿತ್ರ್? ಮಗ್ಚಿತ್ ದೋಣಿ. ಸೂರ ಸಾಹೇಬ್ರನ್ನ್ ಎಳ್ಕಂಡ್ ಬಂದ್ ಮರಳ್ ದಿಬ್ಬದ್ ಮೇಲ್ ಹಾಕ್ದ. ಸಾಹೇಬ್ರ್ ಕೆಮ್ಮಿ, ಕಣ್ಣ್ ಬಿಟ್ಟ್, ಕೇಂಡದ್ದ್ ಒಂದೇ ಮಾತ್. ‘ನಿನ್ನ ರೈಫಲ್ ಎಲ್ಲಿ?’"

ಬಡಗಿಗಳ ಸುತ್ತಿಗೆ ನಿಂತು ಮತ್ತೆ ಶುರುವಾಯಿತು.

"ಕೋವಿ ಕಳ್ಕಂಡ್ರೆ ಕೆಲ್ಸ ಹೋಪುದೇ. ಮನಿಯಲ್ಲ್ ಬಸ್ರಿ ಹೆಂಡ್ತಿ. ಅವ ತಿರ್ಗಿ ನೀರಿಗ್ ಹಾರ್ದ. ನಾ ಹಿಡ್ದೆ, ಅಂಗಿ ಹರ್ದ್ ಕೈಯಲ್ಲ್ ಬಂತ್." ಅವರು ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು. "ಕೋವಿ ಮೊದ್ಲ್ ಸಿಕ್ಕಿತ್. ಸೂರ ಮರುದಿನ. ಕೋವಿ ತೊಳ್ದ್, ಎಣ್ಣೆ ಹಾಕಿ, ನಂಗೇ ಕೊಟ್ರ್. ಐದ್ ವರ್ಷ ಹೊತ್ತಿದೆ. ನಂಬರ್ ಮರೂಕ್ ಆತ್ತಾ?"

"ಇದನ್ನ ಸಿನಿಮಾದವರಿಗೆ ಹೇಳಿದ್ರಾ?"

"ಹೇಳ್ದೆ. ಡೈರೆಕ್ಟರ್ ಕೂಕಂಡ್ ಕೇಂಡ್ರ್, ಕಣ್ಣಲ್ಲ್ ನೀರೂ ತಂದ್ರ್. ಮರುದಿನ ‘ಸಾಹೇಬರು ಹೇಳಿದ್ದು ಬೇರೆ, ತಿಮ್ಮಣ್ಣ, ಪಿಕ್ಚರ್ ಅವರದ್ದು’ ಅಂದ್ರ್. ಹೆಸ್ರಾದ್ರೂ ಬದ್ಲ್ ಮಾಡಿ ಅಂದೆ. ‘ನಿಜವಾದ ಹೆಸರಿದ್ದರೇ ಜನ ನಂಬೋದು’ ಅಂದ್ರ್."

"ರಾವ್ ಸಾಹೇಬರು ಹೀಗೆ ಸುಳ್ಳು ಯಾಕೆ ಹೇಳ್ತಾರೆ?"

"ಅವ್ರ್ ಸುಳ್ಳ್ ಹೇಳ್ತಿಲ್ಲೆ ಮೇಡಂ," ಎಂದರು ತಿಮ್ಮ. "ಮೂವತ್ತ್ ವರ್ಷ ಭಾಷಣ ಮಾಡಿ ಮಾಡಿ ಅವ್ರಿಗ್ ಹಾಂಗೇ ನೆನ್ಪಿಪ್ಪುದ್. ದೋಣಿಯಲ್ಲಿದ್ದ ಬೇರೆ ಇಬ್ರೂ ತೀರ್ಕಂಡ್ರ್. ನಾನೂ ಅವ್ರೂ ಒಂದೇ ವರ್ಷ ರಿಟೈರ್ ಆದದ್ದ್. ಅವ್ರದ್ದ್ ಸಿನಿಮಾ ಆಯ್ತ್. ನಂಗ್ ಅದ್ರಲ್ಲ್ ಸೆಲ್ಯೂಟ್ ಕಲ್ಸು ಕೆಲ್ಸ ಸಿಕ್ಕಿತ್."

ವಿನಯಾ ಕೋವಿಯ ವಿಷಯಕ್ಕೆ ಮರಳಿದರು. "ಆ ಕೋವಿ ನಿನ್ನೆ ಕೈರಂಪಣಿ ಬಲೆಗೆ ಬಂತು."

ತಿಮ್ಮರಿಗೆ ಅರ್ಥವಾಗಲಿಲ್ಲ. "ಅಳಿವೆಯ ನಡುಕ್ ಬಿಸಾಕಿದ್ದೆ. ಸೂರಂದ್ ಸೂರಂಗೆ ಅಂದೇಳಿ."

"ಮರ ಅಲ್ವಾ. ತೇಲಿತು."

ಅವರು ಶೆಡ್ಡುಗಳತ್ತ ತಿರುಗಿದರು. ದೋಣಿ ಕಟ್ಟುವ ಊರಿನಲ್ಲಿ ಹುಟ್ಟಿದ ಮನುಷ್ಯ. "ತೇಲತ್ತ್ ಅಲ್ದಾ," ಎಂದರು ಕೊನೆಗೆ. "ತಲಿಗೇ ಬರ್ಲಿಲ್ಲ. ಕೋವಿ ಮುಳುಗುದ್ ಮಾತ್ರ ನಾ ಕಂಡದ್ದ್."

ಮತ್ತೆ ಅವರೇ ಮಾತಾಡಿದರು, ಈ ಸಲ ತಗ್ಗಿದ ದನಿಯಲ್ಲಿ. "ಒಂದ್ ಕೇಣ್ತೆ. ಇವತ್ತ್ ಬೇಡ, ನಾಳೆ ರಾತ್ರಿಗ್ ಹಿಡ್ಕಂಡ್ ಹೋಯ್ನಿ. ನಾನೇ ಸ್ಟೇಷನ್‌ಗ್ ಬತ್ತೆ. ಜಾಗ ನಿಮ್ಮ ಸೀಲ್‌ನಲ್ಲ್ ಇಪ್ಪನಕ ಅವ್ರ್ ಶೂಟಿಂಗ್ ಮಾಡುಕ್ ಆತಿಲ್ಲ. ಶುಕ್ರವಾರ ಹೀರೋ ಹೋತ. ಸೂರನ ಹೆಸ್ರ್ ಉಳಿತ್ತ್. ಒಂದೇ ದಿನ, ಮೇಡಂ."

ರತೀಶ್ ಬರೆಯುವುದನ್ನು ನಿಲ್ಲಿಸಿ ವಿನಯಾರ ಮುಖ ನೋಡಿದ. ಕೊಡಬಹುದಿತ್ತು. ಆರೋಪಿ ಮನೆಯಲ್ಲಿ ಇರಲಿಲ್ಲ ಎಂದು ಒಂದು ಸಾಲು ಬರೆದರೆ ಸಾಕಿತ್ತು, ಯಾರೂ ಕೇಳುತ್ತಿರಲಿಲ್ಲ.

"ಇವತ್ತು ಸಂಜೆ ಚೇತನಾಳ ಅಮಾನತಿಗೆ ಸಹಿ ಬೀಳ್ತದೆ," ಎಂದರು ವಿನಯಾ. "ಬೆಂಕಿ ಹಾಕಿದ್ದು ಅವಳೇ ಅಂತ ಮೇಲಿನವರು ನಂಬಿದ್ದಾರೆ. ನಿಮ್ಮ ಹೆಸರನ್ನ ಅವಳು ನಿನ್ನೆಯವರೆಗೂ ಹೇಳಿರಲಿಲ್ಲ."

"ಅವಳ್ ಮೇಲಾ?" ತಿಮ್ಮ ಎದ್ದು ನಿಂತರು. "ಅವಳ್ ಮೇಲ್ ಬಪ್ಪುಕಾಗ ಅಂದೇಳಿಯೇ ಮನಿಗ್ ಕಳ್ಸಿದ್ದಲ್ದಾ ನಾನ್!"

"ಕಳಿಸಿದ್ದಕ್ಕೇ ಬಂದಿದ್ದು."

ಅವರು ಹೊಳೆಯ ಕಡೆಗೆ ನೋಡಿದರು. ಎಷ್ಟು ಹೊತ್ತು ಎಂದು ರತೀಶ್ ಬರೆಯಲಿಲ್ಲ. ಆಮೇಲೆ ಬಗ್ಗಿ ಚೀಲ ಎತ್ತಿಕೊಂಡರು.

"ನಡಿನಿ. ಹೊತ್ತ್ ಮಾಡ್ಬೇಡಿ."

ಬೆಳಿಗ್ಗೆ 11.35ಕ್ಕೆ ದಸ್ತಗಿರಿ. ದಸ್ತಗಿರಿ ಪತ್ರದಲ್ಲಿ ಯಾರಿಗೆ ತಿಳಿಸಬೇಕು ಎಂಬ ಜಾಗದಲ್ಲಿ ಅವರು ಬಾಗಿಯ ಹೆಸರು ಹೇಳಿ, ಮತ್ತೆ ಬೇಡವೆಂದು, ತಮ್ಮನ ಹೆಸರು ಬರೆಸಿದರು.

*

ಜಾಗದ ಸೀಲನ್ನು ಬುಧವಾರ ಸಂಜೆಯೇ ತೆಗೆಯಬೇಕಾಯಿತು. ಹೊಸ ಸೆಟ್ ಕಟ್ಟಲು ಸಮಯವಿಲ್ಲ ಎಂದು ವಿನಯಾ ಒಳಗೊಳಗೆ ಲೆಕ್ಕ ಹಾಕಿದ್ದರು. ರತನ್ ಬಂದು ಕೈಮುಗಿದ.

"ಡೈರೆಕ್ಟರ್ ನೋಡಿದರು, ಮೇಡಂ. ಸುಟ್ಟ ಸ್ಟೇಷನ್ನೇ ಚೆನ್ನಾಗಿದೆ ಅಂತಾರೆ. ಕತೆಯಲ್ಲಿ ಸೂರನ ಕಡೆಯವರು ಸ್ಟೇಷನ್ ಸುಟ್ಟರು ಅಂತ ಸೇರಿಸಿಬಿಟ್ಟರು. ಇಷ್ಟು ನಿಜವಾಗಿ ನಮ್ಮಿಂದ ಮಾಡೋಕೆ ಆಗ್ತಿರಲಿಲ್ಲ."

ಅಮಾನತು ಆದೇಶ ನಿಂತಿತು. ಬದಲಿ ಬರುವ ಮುಂಚೆ ಜಾಗ ಬಿಟ್ಟದ್ದಕ್ಕೆ ಮತ್ತು ಮೊದಲ ದಿನ ಸುಳ್ಳು ಹೇಳಿದ್ದಕ್ಕೆ ಚೇತನಾಳಿಗೆ ನೋಟಿಸು ಬಂತು, ಅಷ್ಟೇ. ಇಂದ್ರಸೇನ ರಾವ್ ಸ್ವತಃ ಡಿವೈಎಸ್‌ಪಿಗೆ ಹೇಳಿದ್ದರಂತೆ: ಆ ಹುಡುಗಿಯನ್ನು ನಾಳೆ ಬಂದೋಬಸ್ತಿಗೆ ಹಾಕಿ, ನಾನು ಅವಳನ್ನು ಕ್ಷಮಿಸಿದ್ದೇನೆ ಎಂದು ಎಲ್ಲರಿಗೂ ತಿಳಿಯಲಿ. ಡ್ಯೂಟಿ ಪಟ್ಟಿಗೆ ಸಹಿ ಹಾಕಿದವರು ವಿನಯಾ. ಈ ಸಲ ಗೊತ್ತಿದ್ದೇ ಹಾಕಿದರು. ಆಗುವುದಿಲ್ಲ ಎನ್ನಲು ಫೋನ್ ಎತ್ತಿ, ಮತ್ತೆ ಕೆಳಗಿಟ್ಟಿದ್ದರು.

ಮರದ ಕೋವಿಯನ್ನು ಮುದ್ದೆಮಾಲು ಕೋಣೆಗೆ ಒಯ್ಯುವಾಗ ರತೀಶ್ ಕೇಳಿದ: "ಕಾರಣ ಎಂತ ಬರೂದ್ ಮೇಡಂ? ಡಿವೈಎಸ್‌ಪಿ ಸಾಹೇಬ್ರ್ ‘ಸಿನಿಮಾದವರ ಮೇಲಿನ ದ್ವೇಷ’ ಅಂದ್ ಬರೀರಿ ಅಂದ್ರ್."

ವಿನಯಾ ಎರಡು ಸಲ ಬರೆದು ಹೊಡೆದು ಹಾಕಿದರು. ಮೂರನೆಯ ಸಲ ಬರೆದದ್ದನ್ನು ಹಾಗೆಯೇ ಬಿಟ್ಟರು: ‘ಆರೋಪಿಯು ತನ್ನ ಮೃತ ಸಹೋದ್ಯೋಗಿಯ ಹೆಸರನ್ನು ಉಳಿಸುವ ಸಲುವಾಗಿ ಈ ಕೃತ್ಯ ಎಸಗಿರುತ್ತಾನೆ.’ ಓದಿ ನೋಡಿದರು. ಸತ್ಯವೇ ಆಗಿತ್ತು. ಓದುವವರು ಯಾರೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ತಿಮ್ಮ ದೇವಾಡಿಗರನ್ನು ಕುಂದಾಪುರದ ನ್ಯಾಯಾಲಯಕ್ಕೆ ಹಾಜರುಪಡಿಸಿದರು. ನ್ಯಾಯಾಂಗ ಬಂಧನ ಆಯಿತು. ವಿನಯಾ ಅಲ್ಲಿಂದ ನೇರ ಕೋಡಿಗೆ ಬಂದರು.

ಅಳಿವೆಯ ಬದಿಯಲ್ಲಿ ಊರಿಗೆ ಊರೇ ನಿಂತಿತ್ತು. ಸುಟ್ಟ ಠಾಣೆಯ ಮುಂದೆ ಕೊಡೆಯ ಕೆಳಗೆ ಇಂದ್ರಸೇನ ರಾವ್ ಕುಳಿತಿದ್ದರು. ನೀರಿನ ಮೇಲೆ ದೋಣಿ, ಅದರಲ್ಲಿ ಖಾಕಿ ತೊಟ್ಟ ಐವರು. ಧ್ವನಿವರ್ಧಕದಲ್ಲಿ ಯಾರೋ ಕೂಗಿದರು: "ಸೂರ, ನೀನು ಎಡಗಡೆ ವಾಲಬೇಕು! ಮುಖದಲ್ಲಿ ನಗು ಇರಲಿ!"

ಬಂದೋಬಸ್ತಿನಲ್ಲಿ ನಿಂತವರು ನಡೆಯುತ್ತಿರುವುದನ್ನು ನೋಡುವಂತಿಲ್ಲ. ಜನರ ಕಡೆಗೆ ಮುಖ ಮಾಡಿ ನಿಲ್ಲಬೇಕು. ಚೇತನಾ ಹೊಳೆಗೆ ಬೆನ್ನು ಹಾಕಿ, ಹಗ್ಗದ ಈಚೆ, ಕೈ ಹಿಂದೆ ಕಟ್ಟಿ ನಿಂತಿದ್ದಳು. ಹಿಂದೆ ದೋಣಿ ಮಗುಚಿದ ಸದ್ದು ಬಂತು. ಜನ ಹೋ ಎಂದರು. ಎದುರಿನ ಸಾಲಿನಲ್ಲಿ, ತಲೆಯ ಮೇಲೆ ಬುಟ್ಟಿ ಹೊತ್ತು, ಬಾಗಿ ನಿಂತಿದ್ದರು. ಅವರು ಮಾತ್ರ ದೋಣಿಯನ್ನು ನೋಡುತ್ತಿರಲಿಲ್ಲ, ಮಗಳನ್ನು ನೋಡುತ್ತಿದ್ದರು.

ಚೇತನಾ ತಿರುಗಲಿಲ್ಲ.